300 ಡಾಲರ್ ಲಿಮಿಟ್, 170 ಡಾಲರ್ ಫೀ: ಕೆಟ್ಟ ಕ್ರೆಡಿಟ್ ಸರಿಪಡಿಸುವ ಕಾರ್ಡುಗಳ ಲೆಕ್ಕಾಚಾರ

ಅಮೆರಿಕದಲ್ಲಿ ಕ್ರೆಡಿಟ್ ಸ್ಕೋರ್ ಬಿದ್ದವರ ಮನೆಯ ಅಂಚೆ ಡಬ್ಬಿ ಬೇಗ ಬದಲಾಗುತ್ತದೆ. ದೊಡ್ಡ ಬ್ಯಾಂಕುಗಳ ಮೈಲೇಜ್ ಕಾರ್ಡ್, ಕ್ಯಾಶ್ ಬ್ಯಾಕ್ ಕಾರ್ಡ್ ಪತ್ರಗಳು ನಿಂತುಹೋಗುತ್ತವೆ. ಅವುಗಳ ಜಾಗದಲ್ಲಿ, ಹಿಂದೆಂದೂ ಹೆಸರು ಕೇಳಿರದ ಬ್ಯಾಂಕುಗಳಿಂದ "ಅಭಿನಂದನೆಗಳು, ನಿಮಗೆ ಕಾರ್ಡ್ ಕಾದಿದೆ" ಎಂಬ ಲಕೋಟೆಗಳು ಬರತೊಡಗುತ್ತವೆ. ಲಕೋಟೆಯ ಮೂಲೆಯಲ್ಲಿರುವ ವಿಳಾಸ ಹೆಚ್ಚಾಗಿ ಸೌತ್ ಡಕೋಟಾ ಅಥವಾ ಡೆಲಾವೇರ್. ಒಳಗಿರುವ ಕಾರ್ಡಿನ ಲಿಮಿಟ್ 300 ಡಾಲರ್. ಅದರ ಫೀಗಳ ಪಟ್ಟಿ ಓದಲು ಭೂತಗನ್ನಡಿ ಬೇಕು.

ಯುಗಾದಿ ಊಟದ ಪಂಕ್ತಿಯಲ್ಲಿ ಯಾರೂ ಇದರ ಮಾತೆತ್ತುವುದಿಲ್ಲ. ಮನೆ ಕೊಂಡದ್ದು, ಗ್ರೀನ್ ಕಾರ್ಡ್ ಬಂದದ್ದು, ಮಗಳು ಸ್ಪೆಲ್ಲಿಂಗ್ ಬೀ ಗೆದ್ದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಕ್ರೆಡಿಟ್ ಕೆಟ್ಟದ್ದು ಮಾತ್ರ ಗಂಡ ಹೆಂಡತಿಯ ನಡುವೆಯೇ ಉಳಿಯುತ್ತದೆ. ಆದರೆ ನಮ್ಮವರಿಗೆ ಇದು ಅಪರೂಪವೇನಲ್ಲ. ಲೇಆಫ್ ಆದ ಎಚ್-1ಬಿ ನೌಕರನಿಗೆ 2017ರ ನಿಯಮದ ಪ್ರಕಾರ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಕೆಲಸ ಸಿಗದೆ, ಅಪಾರ್ಟ್‌ಮೆಂಟ್ ಲೀಸ್ ಮುರಿದು, ಕಾರು ಸಿಕ್ಕ ಬೆಲೆಗೆ ಮಾರಿ ವಿಮಾನ ಹತ್ತಿದವರು ಎಷ್ಟೋ ಜನ. ಆ ಗಡಿಬಿಡಿಯಲ್ಲಿ ಉಳಿದುಹೋದ ಯುಟಿಲಿಟಿ ಬಿಲ್ಲು, ಲೀಸ್ ಮುರಿದ ದಂಡ, ಮರೆತ ಸ್ಟೋರ್ ಕಾರ್ಡು, ಎಲ್ಲವೂ ಕಲೆಕ್ಷನ್ ಏಜೆನ್ಸಿಯ ಕೈಗೆ ಹೋಗುತ್ತವೆ. ನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಎಲ್-1 ವೀಸಾದಲ್ಲಿ ಮರಳಿ ಬಂದರೂ ಸೋಷಿಯಲ್ ಸೆಕ್ಯುರಿಟಿ ನಂಬರ್ ಅದೇ. ಹಳೆಯ ಕಡತವೂ ಅದೇ.

ಕಡತ ಎಂದಾಗ ಒಂದು ಗೊಂದಲ ಬಗೆಹರಿಸಬೇಕು. ಭಾರತದಲ್ಲಿ ಸಿಬಿಲ್ ಸ್ಕೋರ್ ಚೆನ್ನಾಗಿದ್ದರೆ ಇಲ್ಲಿ ತಾನಾಗಿ ನೆರವಾಗುವುದಿಲ್ಲ. ಸಿಬಿಲ್ ಈಗ ಟ್ರಾನ್ಸ್‌ಯೂನಿಯನ್ ಹೆಸರು ಹೊತ್ತಿದ್ದರೂ ಭಾರತದ ಕಡತ ಬೇರೆ, ಅಮೆರಿಕದ ಕಡತ ಬೇರೆ. ಇಲ್ಲಿ ನಿಮ್ಮ ಹಣೆಬರಹ ಬರೆಯುವುದು ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳ ದಾಖಲೆ. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ಪ್ರಕಾರ ತಪ್ಪಿದ ಕಂತು, ಕಲೆಕ್ಷನ್ ಇತ್ಯಾದಿ ಸುಮಾರು ಏಳು ವರ್ಷ ಅಲ್ಲಿ ಉಳಿಯಬಹುದು. ದಿವಾಳಿ ಹತ್ತು ವರ್ಷದವರೆಗೂ ಇರಬಹುದು.

ಫೀ ಸುಗ್ಗಿ

ಈ ಬಗೆಯ ಕಾರ್ಡುಗಳಿಗೆ ಇಲ್ಲಿನ ಗ್ರಾಹಕ ಸಂಘಟನೆಗಳು ಇಟ್ಟ ಹೆಸರು ಫೀ ಹಾರ್ವೆಸ್ಟರ್. ಸಾಲ ಕೊಟ್ಟು ಬಡ್ಡಿಯಿಂದ ಬದುಕುವ ಕಾರ್ಡ್ ಅಲ್ಲ ಇದು, ಫೀ ಕೊಯ್ದುಕೊಳ್ಳುವ ಕಾರ್ಡ್ ಎಂದರ್ಥ. ನ್ಯಾಷನಲ್ ಕನ್ಸ್ಯೂಮರ್ ಲಾ ಸೆಂಟರ್ 2007ರಲ್ಲಿ ಇದೇ ಹೆಸರಿನಲ್ಲಿ ವರದಿಯನ್ನೇ ಹೊರತಂದಿತು.

ಆ ಕಾಲದ ಒಂದು ಉದಾಹರಣೆ ನೋಡಿ. ಸೌತ್ ಡಕೋಟಾದ ಫಸ್ಟ್ ಪ್ರೀಮಿಯರ್ ಬ್ಯಾಂಕಿನ ಕಾರ್ಡೊಂದರ ಲಿಮಿಟ್ 250 ಡಾಲರ್ ಇತ್ತು. ಖಾತೆ ತೆರೆಯಲು 29, ಪ್ರೋಗ್ರಾಂ ಫೀ 95, ವಾರ್ಷಿಕ ಫೀ 48, ತಿಂಗಳಿಗೆ 7ರಂತೆ ವರ್ಷಕ್ಕೆ 84. ಕೂಡಿದರೆ 256. ಅಂದರೆ ಮೊದಲ ವರ್ಷದ ಫೀ ಲಿಮಿಟ್‌ಗಿಂತ ಆರು ಡಾಲರ್ ಜಾಸ್ತಿ! ಬಡ್ಡಿ ಮಾತ್ರ ಶೇ. 9.9. ಜಾಹೀರಾತಿನಲ್ಲಿ ಬಡ್ಡಿ ನೋಡಿ "ಪರವಾಗಿಲ್ಲವೇ" ಎಂದುಕೊಂಡವರೇ ಸಿಕ್ಕಿಬೀಳುತ್ತಿದ್ದದ್ದು.

2009ರ ಮೇ 22ರಂದು ಅಧ್ಯಕ್ಷ ಒಬಾಮ ಕಾರ್ಡ್ ಆಕ್ಟ್‌ಗೆ ಸಹಿ ಹಾಕಿದರು. ಅದರ ಮುಖ್ಯ ಭಾಗಗಳು 2010ರ ಫೆಬ್ರವರಿಯಲ್ಲಿ ಜಾರಿಗೆ ಬಂದವು. ಮೊದಲ ವರ್ಷದ ಫೀ, ಆರಂಭದ ಲಿಮಿಟ್‌ನ ಶೇ. 25ನ್ನು ಮೀರಬಾರದು ಎಂಬ ಮಿತಿ ಬಂತು (ಲೇಟ್ ಫೀ ಮುಂತಾದ ದಂಡಗಳು ಈ ಲೆಕ್ಕದಲ್ಲಿಲ್ಲ). ಅದೇ ಬ್ಯಾಂಕ್ ಆಗ ಏನು ಮಾಡಿತು ಗೊತ್ತೇ? 300 ಡಾಲರ್ ಲಿಮಿಟ್, 75 ಡಾಲರ್ ಫೀ (ಸರಿಯಾಗಿ ಶೇ. 25), ಬಡ್ಡಿ ಶೇ. 79.9 ಎಂಬ ಕಾರ್ಡನ್ನು ಪ್ರಯೋಗಕ್ಕೆ ಬಿಟ್ಟಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ನಂತರ ಬಡ್ಡಿ ಶೇ. 36ರ ಆಸುಪಾಸಿಗೆ ಇಳಿಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಖಾತೆ ತೆರೆದ ಮೇಲಿನ ಫೀಗೆ ಮಿತಿ ಇದೆ ಸರಿ, ಖಾತೆ ತೆರೆಯುವ ಮೊದಲೇ ಫೀ ವಸೂಲು ಮಾಡಿದರೆ? 2011ರಲ್ಲಿ ಫೆಡರಲ್ ರಿಸರ್ವ್ ಆ ಕಿಂಡಿಯನ್ನೂ ಮುಚ್ಚಲು ಹೊರಟಿತು. ಫಸ್ಟ್ ಪ್ರೀಮಿಯರ್ ಸೌತ್ ಡಕೋಟಾದ ಫೆಡರಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದಿತು. ಅಷ್ಟರಲ್ಲಿ ಜವಾಬ್ದಾರಿ ಹೊಸದಾಗಿ ಹುಟ್ಟಿದ ಕನ್ಸ್ಯೂಮರ್ ಫೈನಾನ್ಶಿಯಲ್ ಪ್ರೊಟೆಕ್ಷನ್ ಬ್ಯೂರೋ ಕೈಗೆ ಬಂದಿತ್ತು. 2013ರಲ್ಲಿ ಬ್ಯೂರೋ ನಿಯಮವನ್ನು ತಿದ್ದಿ, ಶೇ. 25ರ ಮಿತಿ ಖಾತೆ ತೆರೆದ ನಂತರದ ಫೀಗಳಿಗೆ ಮಾತ್ರ ಎಂದು ಬರೆಯಿತು. ಹಾಗಾಗಿ "ಪ್ರೋಗ್ರಾಂ ಫೀ" ಎಂಬ ಹೆಸರಿನಲ್ಲಿ ಮುಂಗಡವಾಗಿ ಕೇಳುವ ಹಣ ಕಾನೂನುಬದ್ಧ. ಕಾರ್ಡ್ ಬರುವ ಮೊದಲೇ ಯಾರಾದರೂ ಹಣ ಕೇಳಿದರೆ, ಅದು ಡೆಪಾಸಿಟ್ಟೋ ಫೀಯೋ ಎಂದು ಮೊದಲು ನೋಡಿ. ಡೆಪಾಸಿಟ್ ವಾಪಸ್ ಬರುತ್ತದೆ. ಫೀ ಹೋದದ್ದು ಹೋಯಿತು.

ಸೌತ್ ಡಕೋಟಾವೇ ಯಾಕೆ ಎಂದು ಕೇಳುವವರಿಗೆ: 1978ರಲ್ಲಿ ಸುಪ್ರೀಂ ಕೋರ್ಟ್, ಮಾರ್ಕೆಟ್ ನ್ಯಾಷನಲ್ ಬ್ಯಾಂಕ್ ಪ್ರಕರಣದಲ್ಲಿ, ನ್ಯಾಷನಲ್ ಬ್ಯಾಂಕೊಂದು ತನ್ನ ಸ್ವಂತ ರಾಜ್ಯದ ಬಡ್ಡಿ ಕಾನೂನನ್ನೇ ಬೇರೆ ರಾಜ್ಯದ ಗ್ರಾಹಕರಿಗೂ ಅನ್ವಯಿಸಬಹುದು ಎಂದಿತು. 1980ರಲ್ಲಿ ಸೌತ್ ಡಕೋಟಾ ಬಡ್ಡಿಯ ಮಿತಿಯನ್ನೇ ತೆಗೆದುಹಾಕಿತು. ಸಿಟಿಬ್ಯಾಂಕ್ ತನ್ನ ಕಾರ್ಡ್ ವ್ಯವಹಾರವನ್ನು ಅಲ್ಲಿನ ಸೂ ಫಾಲ್ಸ್ ಊರಿಗೆ ಸಾಗಿಸಿತು, ಡೆಲಾವೇರ್ ಕೂಡ ಹಿಂದೆಯೇ ಬಂತು. 1996ರ ಇನ್ನೊಂದು ತೀರ್ಪು ಲೇಟ್ ಫೀಯನ್ನೂ ಬಡ್ಡಿಯ ಲೆಕ್ಕಕ್ಕೇ ಸೇರಿಸಿತು. ಹಾಗಾಗಿ ನೀವು ನ್ಯೂಜೆರ್ಸಿಯಲ್ಲಿದ್ದರೂ ಟೆಕ್ಸಾಸಿನಲ್ಲಿದ್ದರೂ ನಿಮ್ಮ ಕಾರ್ಡಿನ ಮೇಲೆ ನಡೆಯುವುದು ಬ್ಯಾಂಕಿನ ತವರೂರಿನ ಕಾನೂನು.

ಎರಡು ವರ್ಷದ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಇದು ಯಾವುದೋ ಒಂದು ಕಾರ್ಡಿನ ದರಪಟ್ಟಿಯಲ್ಲ, ಆದರೆ ಲಕೋಟೆಗಳಲ್ಲಿ ಕಾಣುವ ಮಾದರಿಯದ್ದೇ. ಲಿಮಿಟ್ 300. ಮುಂಗಡ ಪ್ರೋಗ್ರಾಂ ಫೀ 95. ಮೊದಲ ವರ್ಷದ ವಾರ್ಷಿಕ ಫೀ 75. ಮೊದಲ ವರ್ಷಕ್ಕೆ 170 ಆಯಿತು. ಶೇ. 25ರ ಮಿತಿ ಮೊದಲ ವರ್ಷಕ್ಕೆ ಮಾತ್ರ. ಎರಡನೇ ವರ್ಷದಿಂದ ತಿಂಗಳ ಫೀ ಶುರುವಾಗುತ್ತದೆ. ವಾರ್ಷಿಕ 45, ತಿಂಗಳಿಗೆ 8 ಎಂದಿಟ್ಟುಕೊಂಡರೆ 141. ಎರಡು ವರ್ಷಕ್ಕೆ ಒಟ್ಟು 311 ಡಾಲರ್. ಒಂದು ಪೈಸೆ ಬಡ್ಡಿ ಕಟ್ಟದೆ, ಒಂದು ಕಂತೂ ತಪ್ಪದೆ, ಕಾರ್ಡನ್ನು ಅತ್ಯಂತ ಶಿಸ್ತಿನಿಂದ ಬಳಸಿದವರಿಗೇ ಈ ಲೆಕ್ಕ. 300 ಡಾಲರ್ ಸಾಲದ ಸೌಲಭ್ಯಕ್ಕೆ 311 ಡಾಲರ್ ಬಾಡಿಗೆ!

ಎಲ್ಲರೂ ಹೆದರುವುದು ಶೇ. 36ರ ಬಡ್ಡಿಗೆ. ಆದರೆ 200 ಡಾಲರ್ ಬಾಕಿ ಒಂದು ತಿಂಗಳು ಉಳಿದರೆ ಆ ದರದಲ್ಲಿ ಬಡ್ಡಿ ಸುಮಾರು 6 ಡಾಲರ್. ನಮ್ಮ ಉದಾಹರಣೆಯ ತಿಂಗಳ ಫೀ ಅದಕ್ಕಿಂತ ಜಾಸ್ತಿ. ಬಾಕಿ ಇಟ್ಟರೆ ಬಡ್ಡಿ, ಇಡದಿದ್ದರೆ ಫೀ. ನಮ್ಮ ಜನ ತಿಂಗಳಿಗೆ ಸರಿಯಾಗಿ ಹಣ ಕಟ್ಟುವವರು, ಆದ್ದರಿಂದ ನಮ್ಮನ್ನು ತಿನ್ನುವುದು ಫೀಯೇ.

ಇನ್ನು ಕಿರಿಕಿರಿಗಳು. ಕಾರ್ಡ್ ಕೈಗೆ ಬರುವಾಗಲೇ 75 ಡಾಲರ್ ಅದರ ಮೇಲೆ ಬಿದ್ದಿರುತ್ತದೆ. ಲಿಮಿಟ್ 300 ಎಂದರೂ ಬಳಸಲು ಸಿಗುವುದು 225. ಊರಿಗೆ ಹೋಗುವ ಟಿಕೆಟ್ ಹಾಗಿರಲಿ, ಬಾಡಿಗೆ ಕಾರಿನವನು ಹಿಡಿದಿಡುವ ಡೆಪಾಸಿಟ್ಟಿಗೇ ಅದು ಸಾಲದೆ ಹೋಗಬಹುದು. ಇಂಡಿಯನ್ ಸ್ಟೋರ್‌ನಲ್ಲಿ ಸೋನಾ ಮಸೂರಿ ಮೂಟೆ, ತೊಗರಿಬೇಳೆ, ತರಕಾರಿ ಎಂದು ಎರಡು ಸಲ ಹೋಗಿ ಬಂದರೆ ಕಾರ್ಡ್ ಮುಗಿಯಿತು. ಹಣ ಕಟ್ಟಿದ ತಕ್ಷಣ ಲಿಮಿಟ್ ಬಿಡುಗಡೆಯಾಗುತ್ತದೆ ಎಂದೂ ಹೇಳುವಂತಿಲ್ಲ, ಕೆಲವು ಬ್ಯಾಂಕುಗಳು ಹಲವು ದಿನ ತಡೆಹಿಡಿಯುತ್ತವೆ. ಫೋನಿನಲ್ಲಿ ನೌಕರರ ಮೂಲಕ ತುರ್ತಾಗಿ ಕಟ್ಟಿಸಿದರೆ ಅದಕ್ಕೊಂದು ಫೀ. ವರ್ಷ ಕಳೆದ ಮೇಲೆ "ನಿಮ್ಮ ಲಿಮಿಟ್ 100 ಡಾಲರ್ ಏರಿಸಿದ್ದೇವೆ" ಎಂಬ ಸಿಹಿಸುದ್ದಿ ಬರುತ್ತದೆ, ಜೊತೆಗೆ ಏರಿಸಿದ್ದರ ಶೇ. 25 ಫೀ, ಅಂದರೆ 25 ಡಾಲರ್. ಇಂಥ ಏರಿಕೆಯನ್ನು ಬೇಡವೆನ್ನಬಹುದೇ ಎಂದು ಕರಾರುಪತ್ರದಲ್ಲಿ ನೋಡಿ ಬ್ಯಾಂಕಿಗೆ ಫೋನ್ ಮಾಡಿ.

ಲೇಟ್ ಫೀ ಬಗ್ಗೆಯೂ ಒಂದು ಮಾತು. ಇದನ್ನು 8 ಡಾಲರಿಗೆ ಇಳಿಸುವ ನಿಯಮ 2024ರಲ್ಲಿ ಪ್ರಕಟವಾದಾಗ ವಾಟ್ಸ್ಯಾಪಿನಲ್ಲೆಲ್ಲ ಹರಿದಾಡಿತು. ಅದು ಜಾರಿಗೆ ಬರಲೇ ಇಲ್ಲ. ಟೆಕ್ಸಾಸಿನ ಫೆಡರಲ್ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಆದರೆ ಕಾರ್ಡ್ ಆಕ್ಟ್ ಕೊಟ್ಟ ರಕ್ಷಣೆಗಳು ಉಳಿದಿವೆ: ಸ್ಟೇಟ್‌ಮೆಂಟ್ ಕಳಿಸಿದ ಮೇಲೆ ಕನಿಷ್ಠ 21 ದಿನ ಕೊಡಬೇಕು, ಲೇಟ್ ಫೀ ನೀವು ಕಟ್ಟಬೇಕಿದ್ದ ಕನಿಷ್ಠ ಮೊತ್ತವನ್ನು ಮೀರುವಂತಿಲ್ಲ, ನೀವು ಒಪ್ಪಿಗೆ ಕೊಡದೆ ಓವರ್ ಲಿಮಿಟ್ ಫೀ ಹಾಕುವಂತಿಲ್ಲ.

ಸ್ಕೋರಿಗೆ ಕಾಣುವುದೇನು?

ಇಷ್ಟೆಲ್ಲ ಸಹಿಸಿಕೊಂಡು ಜನ ಆ ಕಾರ್ಡನ್ನು ಯಾಕೆ ಇಟ್ಟುಕೊಳ್ಳುತ್ತಾರೆ? ದುಬಾರಿ ಕಾರ್ಡ್ ಹೆಚ್ಚು ಬೇಗ ಸ್ಕೋರ್ ಏರಿಸುತ್ತದೆ ಎಂಬ ನಂಬಿಕೆಯಿಂದ. ಕಹಿ ಔಷಧಿಯೇ ಒಳ್ಳೆಯದು ಎನ್ನುವ ಹಾಗೆ. ಇದು ಶುದ್ಧ ತಪ್ಪು, ಈ ಲೇಖನ ಬರೆಯಲು ಕಾರಣವೂ ಇದೇ.

ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ ಹೇಳುವುದು ಸುಲಭ: ಇನ್‌ಪುಟ್‌ನಲ್ಲಿ ಇಲ್ಲದ್ದು ಔಟ್‌ಪುಟ್‌ನಲ್ಲಿ ಬರಲಾರದು. ಬ್ಯಾಂಕ್ ಪ್ರತಿ ತಿಂಗಳು ಮೂರು ಸಂಸ್ಥೆಗಳಿಗೆ ಕಳಿಸುವ ದಾಖಲೆಯಲ್ಲಿ ಮುಖ್ಯವಾಗಿ ಇರುವುದು ಖಾತೆ ತೆರೆದ ದಿನ, ಲಿಮಿಟ್, ಬಾಕಿ, ಸಮಯಕ್ಕೆ ಕಟ್ಟಿದಿರೋ ಇಲ್ಲವೋ ಎಂಬ ಗುರುತು. ನೀವೆಷ್ಟು ಫೀ ಕೊಟ್ಟಿರಿ ಎಂಬುದು ಸ್ಕೋರಿನ ಲೆಕ್ಕಕ್ಕೆ ಬರುವುದಿಲ್ಲ. ಬಡ್ಡಿಯ ದರವೂ ಬರುವುದಿಲ್ಲ. 1989ರಿಂದ ಬಳಕೆಯಲ್ಲಿರುವ ಫೈಕೋ ಸ್ಕೋರ್ 300ರಿಂದ 850ರವರೆಗೆ ಇರುತ್ತದೆ. ಅದರಲ್ಲಿ ಶೇ. 35 ಭಾರ ಸಮಯಕ್ಕೆ ಕಟ್ಟಿದ ಇತಿಹಾಸಕ್ಕೆ, ಶೇ. 30 ಬಾಕಿಯ ಪ್ರಮಾಣಕ್ಕೆ, ಶೇ. 15 ಖಾತೆಗಳ ವಯಸ್ಸಿಗೆ. ಉಳಿದದ್ದು ಹೊಸ ಅರ್ಜಿಗಳಿಗೆ ಮತ್ತು ಸಾಲದ ಬಗೆಗಳಿಗೆ ತಲಾ ಶೇ. 10. ವರ್ಷಕ್ಕೆ 170 ಡಾಲರ್ ಕೊಟ್ಟ ಕಾರ್ಡಿನ ಹನ್ನೆರಡು ಸಕಾಲ ಪಾವತಿ, ಬಿಡಿಗಾಸೂ ಫೀ ಇಲ್ಲದ ಕಾರ್ಡಿನ ಹನ್ನೆರಡು ಸಕಾಲ ಪಾವತಿ, ಎರಡಕ್ಕೂ ಬೆಲೆ ಒಂದೇ.

ನಿಜ ಹೇಳಬೇಕೆಂದರೆ ಫೀ ಕಾರ್ಡ್ ಸ್ವಲ್ಪ ಹಾನಿಯನ್ನೇ ಮಾಡುತ್ತದೆ. 300ರ ಲಿಮಿಟ್ ಮೇಲೆ 75ರ ಫೀ ಕುಳಿತಾಗ ನೀವು ಏನೂ ಕೊಳ್ಳದೆಯೇ ಶೇ. 25 ಬಳಕೆಯಾಗಿರುತ್ತದೆ. ಈ ಅನುಪಾತ ಕಡಿಮೆಯಿದ್ದಷ್ಟೂ ಸ್ಕೋರಿಗೆ ಒಳ್ಳೆಯದು. ಸಣ್ಣ ಲಿಮಿಟ್ ಕಾರ್ಡ್ ಇಟ್ಟುಕೊಂಡವರು ಸ್ಟೇಟ್‌ಮೆಂಟ್ ಬರುವ ದಿನಕ್ಕೆ ಮೊದಲೇ ಹೆಚ್ಚಿನ ಭಾಗ ಕಟ್ಟಿಬಿಡುವುದು ಜಾಣತನ, ಯಾಕೆಂದರೆ ಸಾಮಾನ್ಯವಾಗಿ ವರದಿಯಾಗುವುದು ಸ್ಟೇಟ್‌ಮೆಂಟ್ ದಿನದ ಬಾಕಿ. ಒಂದು ಸಮಾಧಾನವೆಂದರೆ ಬಹುಪಾಲು ಫೈಕೋ ಆವೃತ್ತಿಗಳಿಗೆ ಈ ಅನುಪಾತದ ನೆನಪಿಲ್ಲ. ಮುಂದಿನ ತಿಂಗಳು ಬಾಕಿ ಇಳಿದರೆ ಹಿಂದಿನ ತಿಂಗಳ ಪೆಟ್ಟೂ ಹೋಗುತ್ತದೆ. "ಸ್ವಲ್ಪ ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟಿದರೆ ಸ್ಕೋರ್ ಏರುತ್ತದೆ" ಎಂಬ ಮಾತನ್ನು ಆಫೀಸಿನ ಕ್ಯಾಂಟೀನಿನಲ್ಲಿ ಎಷ್ಟು ಸಲ ಕೇಳಿದ್ದೇನೋ. ಅದೂ ಸುಳ್ಳೇ. ಪೂರ್ತಿ ಕಟ್ಟಿ.

ಫೀ ಇಲ್ಲದ ದಾರಿ

ಹಾಗಾದರೆ ಕ್ರೆಡಿಟ್ ಕೆಟ್ಟವರಿಗೆ ಕಾರ್ಡ್ ಕೊಡುವವರು ಯಾರು? ಇಲ್ಲಿ ಸೆಕ್ಯೂರ್ಡ್ ಕಾರ್ಡ್ ಎಂಬುದೊಂದಿದೆ. 200 ಅಥವಾ 300 ಡಾಲರ್ ಡೆಪಾಸಿಟ್ ಇಟ್ಟರೆ ಅಷ್ಟೇ ಲಿಮಿಟ್ ಇರುವ ಕಾರ್ಡ್ ಕೊಡುತ್ತಾರೆ. ವಾರ್ಷಿಕ ಫೀ ಇಲ್ಲದ ಸೆಕ್ಯೂರ್ಡ್ ಕಾರ್ಡುಗಳು ದೊಡ್ಡ ಬ್ಯಾಂಕುಗಳಲ್ಲೂ ಕ್ರೆಡಿಟ್ ಯೂನಿಯನ್‌ಗಳಲ್ಲೂ ಸಿಗುತ್ತವೆ. ಫೈಕೋ ಲೆಕ್ಕದಲ್ಲಿ ಇದಕ್ಕೆ ತಾತ್ಸಾರವೇನೂ ಇಲ್ಲ. ಕಾರ್ಡ್ ಮುಚ್ಚಿದಾಗ ಅಥವಾ ಬ್ಯಾಂಕ್ ಅದನ್ನು ಮಾಮೂಲಿ ಕಾರ್ಡಾಗಿ ಬದಲಿಸಿದಾಗ ಬಾಕಿ ಕಳೆದು ಡೆಪಾಸಿಟ್ ವಾಪಸ್. 300 ಡಾಲರಿಗೆ ಉಳಿತಾಯ ಖಾತೆಯಲ್ಲಿ ಶೇ. 4 ಸಿಗುತ್ತಿತ್ತು ಎಂದುಕೊಂಡರೂ ಎರಡು ವರ್ಷಕ್ಕೆ ನಷ್ಟ 24 ಡಾಲರ್. ಮೇಲಿನ 311ರ ಪಕ್ಕದಲ್ಲಿ ಈ 24ನ್ನು ಇಟ್ಟು ನೋಡಿ.

"ಡೆಪಾಸಿಟ್ ಇಡಲು ಹಣ ಇದ್ದಿದ್ದರೆ ಕಾರ್ಡ್ ಯಾಕೆ ಬೇಕಿತ್ತು?" ಎಂದು ಸಿಡುಕುವವರಿದ್ದಾರೆ. ಸಿಟ್ಟು ನ್ಯಾಯವೇ. ಆದರೆ ಫೀ ಕಾರ್ಡಿಗೆ ಮೊದಲ ವರ್ಷ ಹೇಗೂ 170 ಡಾಲರ್ ಹೊಂದಿಸಲೇಬೇಕಲ್ಲ. ಅದಕ್ಕೆ ಇನ್ನೊಂದು ಮೂವತ್ತು ಸೇರಿಸಿದರೆ 200 ಡಾಲರ್ ಡೆಪಾಸಿಟ್ ಆಯಿತು, ಅದೂ ನಿಮ್ಮದಾಗಿಯೇ ಉಳಿಯುವ ಹಣ. ಒಂದೆರಡು ತಿಂಗಳು ಕಾದರೂ ನಷ್ಟವಿಲ್ಲ.

ಅರ್ಜಿ ಹಾಕುವ ಮೊದಲು ಬ್ಯಾಂಕಿನ ಸೈಟಿನಲ್ಲಿ ಪ್ರೀಕ್ವಾಲಿಫಿಕೇಶನ್ ಇದ್ದರೆ ಅದನ್ನು ಬಳಸಿ, ಅದರಿಂದ ಸ್ಕೋರಿಗೆ ಪೆಟ್ಟಿಲ್ಲ. ಪೂರ್ತಿ ಅರ್ಜಿಯಿಂದ ಬರುವ ಹಾರ್ಡ್ ಇನ್‌ಕ್ವೈರಿ ಎರಡು ವರ್ಷ ದಾಖಲೆಯಲ್ಲಿದ್ದರೂ ಫೈಕೋ ಎಣಿಸುವುದು ಮೊದಲ ಹನ್ನೆರಡು ತಿಂಗಳು ಮಾತ್ರ. ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಬೇಡಿ. ದರಗಳ ಪೆಟ್ಟಿಗೆಯನ್ನು ಓದಿ. 1988ರ ಕಾಯ್ದೆಯಿಂದ ಬಂದ ಈ ಕೋಷ್ಟಕವನ್ನು ಅದಕ್ಕೆ ಕಾರಣರಾದ ಚಾರ್ಲ್ಸ್ ಶೂಮರ್ ಹೆಸರಿನಲ್ಲಿ ಶೂಮರ್ ಬಾಕ್ಸ್ ಎನ್ನುತ್ತಾರೆ. ವಾರ್ಷಿಕ ಫೀ, ಬಡ್ಡಿ, ದಂಡ ಎಲ್ಲ ಅಲ್ಲೇ ಇರಬೇಕು. ನಾನಂತೂ ಮಿಕ್ಕ ಬಣ್ಣದ ಕಾಗದಗಳನ್ನು ನೋಡುವುದೇ ಇಲ್ಲ.

ಕ್ರೆಡಿಟ್ ಯೂನಿಯನ್ ಎಂದೆನಲ್ಲ, ಅದು ನಮ್ಮ ಕಡೆಯ ಸಹಕಾರ ಸಂಘದ ಹಾಗೆ. ಸದಸ್ಯರೇ ಒಡೆಯರು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಹೆಸರು ಕೇಳಿದವರಿಗೆ ಈ ಕಲ್ಪನೆ ಹೊಸದಲ್ಲ. ಫೆಡರಲ್ ಕ್ರೆಡಿಟ್ ಯೂನಿಯನ್‌ಗಳ ಕಾರ್ಡ್ ಬಡ್ಡಿಗೆ 1987ರಿಂದಲೂ ಶೇ. 18ರ ಮಿತಿ ಇದೆ. ಹಲವು ಕಡೆ ಕ್ರೆಡಿಟ್ ಬಿಲ್ಡರ್ ಸಾಲವೂ ಸಿಗುತ್ತದೆ: ಸಾಲದ ಹಣವನ್ನು ಅವರೇ ಖಾತೆಯಲ್ಲಿ ಬೀಗ ಹಾಕಿಟ್ಟು, ನೀವು ಒಂದೆರಡು ವರ್ಷ ಕಂತು ಕಟ್ಟಿದ ಮೇಲೆ ಕೈಗೆ ಕೊಡುತ್ತಾರೆ. ಕೇಳಲು ತಮಾಷೆಯಾಗಿದ್ದರೂ ಸಕಾಲ ಪಾವತಿಯ ದಾಖಲೆ ಕಟ್ಟಲು ಅದೂ ಒಂದು ದಾರಿ.

ಮನೆಯಲ್ಲಿ ಒಬ್ಬರ ಕ್ರೆಡಿಟ್ ಚೆನ್ನಾಗಿದ್ದರೆ ಇನ್ನೊಬ್ಬರನ್ನು ಆಥರೈಸ್ಡ್ ಯೂಸರ್ ಆಗಿ ಸೇರಿಸಬಹುದು. ಆ ಕಾರ್ಡಿನ ಒಳ್ಳೆಯ ಇತಿಹಾಸ ಅವರ ಕಡತದಲ್ಲೂ ಕಾಣಿಸಬಹುದು. ಬ್ಯಾಂಕ್ ಅದನ್ನು ವರದಿ ಮಾಡುತ್ತದೆಯೇ ಎಂದು ಮೊದಲು ಕೇಳಿ. ಕೆಟ್ಟ ಇತಿಹಾಸವೂ ಹಾಗೆಯೇ ಹರಿಯುತ್ತದೆ ಎಂಬುದು ನೆನಪಿರಲಿ. ಎಚ್-4ನಲ್ಲಿರುವ ಹೆಣ್ಣುಮಕ್ಕಳ ವಿಷಯ ಇಲ್ಲಿ ಮುಖ್ಯ. ಎಲ್ಲ ಕಾರ್ಡೂ ಗಂಡನ ಹೆಸರಿನಲ್ಲಿದ್ದು, ಹೆಂಡತಿಗೆ ಸ್ವಂತ ಕಡತವೇ ಇರುವುದಿಲ್ಲ. ಗಂಡನ ಕೆಲಸ ಹೋಗಿ ಕಾರ್ಡುಗಳು ಕೆಟ್ಟಾಗ ಮನೆಗೆ ಆಸರೆಯಾಗಬಲ್ಲ ಎರಡನೇ ಕ್ರೆಡಿಟ್ ಇರುವುದಿಲ್ಲ. 2013ರಲ್ಲಿ ಬದಲಾದ ನಿಯಮದ ಪ್ರಕಾರ 21 ವರ್ಷ ದಾಟಿದವರು ತಮ್ಮ ಕೈಗೂ ನ್ಯಾಯವಾಗಿ ಸಿಗುವ ಸಂಗಾತಿಯ ಆದಾಯವನ್ನು ಅರ್ಜಿಯಲ್ಲಿ ತೋರಿಸಬಹುದು. ಐಟಿಐಎನ್ ಒಪ್ಪುವ ಬ್ಯಾಂಕುಗಳೂ ಇವೆ. ಎಲ್ಲ ಸರಿಯಿರುವಾಗಲೇ ಆಕೆಯ ಹೆಸರಿನಲ್ಲೊಂದು ಫೀ ಇಲ್ಲದ ಕಾರ್ಡ್ ಮಾಡಿಸಿಡಿ.

ನಮ್ಮ ಹೆಸರುಗಳ ಫಜೀತಿ

ಕಾರ್ಡ್ ತೆಗೆದುಕೊಳ್ಳುವ ಮೊದಲು ಮೂರೂ ಸಂಸ್ಥೆಗಳ ರಿಪೋರ್ಟ್ ತೆಗೆಸಿ ನೋಡಿ. ಕಾನೂನಿನಂತೆ ವರ್ಷಕ್ಕೊಂದು ಉಚಿತ. 2023ರಲ್ಲಿ ಮೂರೂ ಸಂಸ್ಥೆಗಳು ವಾರಕ್ಕೊಮ್ಮೆ ಉಚಿತವಾಗಿ ಕೊಡುವುದನ್ನು ಕಾಯಂ ಮಾಡಿದವು. ಅಧಿಕೃತ ಸೈಟಿನ ಹೆಸರು ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್.

ಅಲ್ಲಿ ನಮ್ಮವರಿಗೆ ಕಾದಿರುವುದು ಹೆಸರಿನ ಗೋಜಲು. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಇದ್ದದ್ದು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ಉದ್ದವಾಗುತ್ತದೆ. ಒಂದೇ ಹೆಸರಿರುವವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" ಎಂದು ಬೀಳುತ್ತದೆ, ಆಮೇಲೆ ಡ್ರೈವಿಂಗ್ ಲೈಸೆನ್ಸಿನಲ್ಲೂ ಅದೇ. ಒಂದು ಬ್ಯಾಂಕಿನಲ್ಲಿ ಊರಿನ ಹೆಸರು ಸರ್‌ನೇಮ್, ಇನ್ನೊಂದರಲ್ಲಿ ಅಪ್ಪನ ಹೆಸರು, ಮೂರನೆಯದರಲ್ಲಿ ಎಫ್‌ಎನ್‌ಯು ಮಹಾಶಯ. ಸಂಸ್ಥೆಗಳು ಹೆಸರು, ವಿಳಾಸ, ಹುಟ್ಟಿದ ದಿನ, ಎಸ್‌ಎಸ್‌ಎನ್ ಎಲ್ಲವನ್ನೂ ತಾಳೆ ನೋಡುವುದರಿಂದ ಕಡತ ಎರಡಾಗಿ ಒಡೆಯಬಹುದು. ಅದೇ ಅಪಾರ್ಟ್‌ಮೆಂಟಿನಲ್ಲಿ ಹಿಂದೆ ಇದ್ದ ಅದೇ ಹೆಸರಿನವರ ಸಾಲ ನಿಮ್ಮ ಕಡತಕ್ಕೆ ಅಂಟಿಕೊಳ್ಳಲೂಬಹುದು. ನಿಮ್ಮದಲ್ಲದ ಸಾಲ ಕಂಡರೆ ಆಯಾ ಸಂಸ್ಥೆಗೆ ಡಿಸ್ಪ್ಯೂಟ್ ಹಾಕಿ. ಇದಕ್ಕೆ ಖರ್ಚಿಲ್ಲ, ಸಾಮಾನ್ಯವಾಗಿ 30 ದಿನದಲ್ಲಿ ತನಿಖೆ ಮುಗಿಸಬೇಕು. ದಾಖಲೆಯ ಪ್ರತಿಗಳೊಂದಿಗೆ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದರೆ ಕೈಯಲ್ಲಿ ರಸೀದಿ ಇರುತ್ತದೆ. ಇದೇ ಕೆಲಸಕ್ಕೆ ನೂರಾರು ಡಾಲರ್ ಕೇಳುವ ಕ್ರೆಡಿಟ್ ರಿಪೇರಿ ಕಂಪನಿಗಳು 1996ರ ಕಾಯ್ದೆಯಂತೆ ಕೆಲಸ ಮುಗಿಸುವ ಮೊದಲು ಹಣ ತೆಗೆದುಕೊಳ್ಳುವಂತಿಲ್ಲ. ಮುಂಗಡ ಕೇಳಿದರೆ ಫೋನ್ ಇಟ್ಟುಬಿಡಿ.

ಆಸ್ಪತ್ರೆ ಬಿಲ್ಲಿನಿಂದ ಕೆಟ್ಟವರಿಗೆ ಸ್ವಲ್ಪ ನೆಮ್ಮದಿಯ ಸುದ್ದಿ: 2022 ಮತ್ತು 2023ರಲ್ಲಿ ಮೂರೂ ಸಂಸ್ಥೆಗಳು ತೀರಿಸಿದ ಮೆಡಿಕಲ್ ಕಲೆಕ್ಷನ್‌ಗಳನ್ನೂ, ಒಂದು ವರ್ಷ ತುಂಬದವನ್ನೂ, 500 ಡಾಲರಿಗಿಂತ ಕಡಿಮೆಯವನ್ನೂ ರಿಪೋರ್ಟಿನಿಂದ ತೆಗೆದವು. ಹಳೆಯ ಸಾಲದ ವಸೂಲಿಗಾರರು ಫೋನ್ ಮಾಡಿದಾಗ ಮಾತ್ರ ದುಡುಕಬೇಡಿ. ಏಳು ವರ್ಷದ ಗಡಿಯಾರ ನೀವು ಹಣ ಕಟ್ಟಿದ್ದರಿಂದ ಮತ್ತೆ ಮೊದಲಾಗುವುದಿಲ್ಲ. ಆದರೆ ಕೋರ್ಟಿಗೆ ಎಳೆಯುವ ಅವಧಿ ಕೆಲವು ರಾಜ್ಯಗಳಲ್ಲಿ ಒಂದು ಸಣ್ಣ ಪಾವತಿಯಿಂದಲೂ ಹೊಸದಾಗಿ ಶುರುವಾಗಬಹುದು. ಸಾಲದ ವಿವರವನ್ನು ಬರವಣಿಗೆಯಲ್ಲಿ ಕೇಳಿ, ದೊಡ್ಡ ಮೊತ್ತವಾದರೆ ವಕೀಲರನ್ನು ಕಾಣಿ.

ಗ್ರೀನ್ ಕಾರ್ಡಿಗೆ ಇದರಿಂದ ತೊಂದರೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಭಯಕ್ಕೆ ಮೂಲವಿದೆ: 2020ರ ಫೆಬ್ರವರಿಯಿಂದ ಐ-944 ಎಂಬ ಫಾರಂ ಕ್ರೆಡಿಟ್ ರಿಪೋರ್ಟ್ ಕೇಳುತ್ತಿತ್ತು. 2021ರ ಮಾರ್ಚ್‌ನಲ್ಲಿ ಆ ನಿಯಮವೇ ಹೋಯಿತು, ಫಾರಂ ಕೂಡ ಹೋಯಿತು. ಇಮಿಗ್ರೇಶನ್ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಅರ್ಜಿ ಹಾಕುವ ಹೊತ್ತಿಗೆ ನಿಮ್ಮ ಅಟಾರ್ನಿಯನ್ನು ಕೇಳಿಕೊಳ್ಳಿ.

ಈಗಾಗಲೇ ಕಾರ್ಡ್ ಇದ್ದರೆ

ಕಾರ್ಡ್ ಈಗಷ್ಟೇ ಬಂದಿದ್ದು, ನೀವು ಅದನ್ನು ಬಳಸದೆ, ಯಾವ ಫೀಯನ್ನೂ ಕಟ್ಟದೆ ಇದ್ದರೆ, ಕರಾರು ಓದಿದ ಮೇಲೆ ಬೇಡವೆನ್ನುವ ಹಕ್ಕು ನಿಮಗಿದೆ. ಆಗ ಅದರ ವಾರ್ಷಿಕ ಫೀ ಕಟ್ಟಬೇಕಿಲ್ಲ. ಕಾರ್ಡ್ ಆಕ್ಟಿವೇಟ್ ಮಾಡುವ ಆತುರ ಬೇಡ ಎನ್ನುವುದು ಇದಕ್ಕೇ.

ಬಳಸಿ ಆಗಿದೆ ಎನ್ನುವವರು ಗಾಬರಿಯಿಂದ ಅಂದೇ ಮುಚ್ಚುವುದೂ ಬೇಡ. ಮೊದಲ ವರ್ಷದ ಫೀ ಹೇಗೂ ಹೋಗಿದೆ. ಆ ವರ್ಷವನ್ನು ಸಕಾಲ ಪಾವತಿಯ ದಾಖಲೆ ಕಟ್ಟಲು ಬಳಸಿಕೊಳ್ಳಿ. ಅಷ್ಟರಲ್ಲಿ ಫೀ ಇಲ್ಲದ ಸೆಕ್ಯೂರ್ಡ್ ಕಾರ್ಡ್ ಒಂದನ್ನು ತೆಗೆದು ಅದಕ್ಕೆ ಆರು ತಿಂಗಳಾದರೂ ವಯಸ್ಸಾಗಲಿ. ಪೂರ್ತಿ ಹೊಸ ಕಡತಕ್ಕೆ ಫೈಕೋ ಸ್ಕೋರ್ ಹುಟ್ಟಬೇಕಾದರೂ ಒಂದು ಖಾತೆಗೆ ಕನಿಷ್ಠ ಆರು ತಿಂಗಳಾಗಿರಬೇಕು. ಹಳೆಯ ಕಾರ್ಡಿನ ಮೇಲೆ ಫೋನ್ ಬಿಲ್ಲಿನಂಥ ಒಂದು ಸಣ್ಣ ಖರ್ಚು ಮಾತ್ರ ಇಟ್ಟು ಆಟೋಪೇ ಹಾಕಿ. ಎರಡನೇ ವರ್ಷದ ಫೀ ಬೀಳುವುದಕ್ಕೆ ಒಂದೂವರೆ ತಿಂಗಳು ಮೊದಲು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ಬ್ಯಾಂಕಿಗೆ ಫೋನ್ ಮಾಡಿ. ಫೀ ಬಿಡುತ್ತೀರಾ ಎಂದು ಒಮ್ಮೆ ಕೇಳಿ, ಇಲ್ಲವೆಂದರೆ ಮುಚ್ಚಿಸಿ.

ಮುಚ್ಚಿದರೆ ಇತಿಹಾಸ ಹೋಗುತ್ತದೆ ಎಂಬ ಭಯವೇ ಅನೇಕರನ್ನು ವರ್ಷಗಟ್ಟಲೆ ಈ ಕಾರ್ಡುಗಳಿಗೆ ಕಟ್ಟಿಹಾಕಿರುವುದು. ಸರಿಯಾಗಿ ನಡೆಸಿ ಮುಚ್ಚಿದ ಖಾತೆ ಸಾಮಾನ್ಯವಾಗಿ ಹತ್ತು ವರ್ಷದವರೆಗೆ ರಿಪೋರ್ಟಿನಲ್ಲಿ ಉಳಿಯುತ್ತದೆ, ಫೈಕೋ ಅದರ ವಯಸ್ಸನ್ನೂ ಎಣಿಸುತ್ತದೆ. ಕಳೆದುಕೊಳ್ಳುವುದು 300 ಡಾಲರ್ ಲಿಮಿಟ್ ಮಾತ್ರ. ಇನ್ನೊಂದು ಕಾರ್ಡಿನ ಬಾಕಿ ಕಡಿಮೆಯಿದ್ದರೆ ಅದರ ಪರಿಣಾಮ ಅಲ್ಪ.

ಮುಚ್ಚುವಾಗ ಬಾಕಿ ಸೊನ್ನೆ ಎಂಬ ಪತ್ರವನ್ನು ಬರವಣಿಗೆಯಲ್ಲಿ ಕೇಳಿ. ಕೊನೆಯ ತಿಂಗಳ ಎರಡು ಡಾಲರ್ ಬಡ್ಡಿಯೋ ಅರ್ಧ ತಿಂಗಳ ಫೀಯೋ ಉಳಿದು, ಅದು 30 ದಿನ ದಾಟಿದ ಲೇಟ್ ಎಂದು ವರದಿಯಾದರೆ ಕಟ್ಟಿದ ದಾಖಲೆಯೇ ಕೆಡುತ್ತದೆ. ಹೆಚ್ಚು ಕಟ್ಟಿದ್ದರೆ ಬರವಣಿಗೆಯಲ್ಲಿ ಕೇಳಿದ ಏಳು ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ಎರಡು ತಿಂಗಳ ನಂತರ ರಿಪೋರ್ಟ್ ತೆಗೆದು, ಖಾತೆಯ ಮುಂದೆ "ಗ್ರಾಹಕರ ಕೋರಿಕೆಯ ಮೇರೆಗೆ ಮುಚ್ಚಲಾಗಿದೆ" ಎಂದು ಬಂದಿದೆಯೇ ನೋಡಿಕೊಳ್ಳಿ. ಹೊಸ ಲಕೋಟೆಗಳು ಬರುವುದನ್ನು ನಿಲ್ಲಿಸಲು ಕ್ರೆಡಿಟ್ ದಾಖಲೆ ಸಂಸ್ಥೆಗಳು ಸೇರಿ ನಡೆಸುವ ಆಪ್ಟ್ ಔಟ್ ಪ್ರೀಸ್ಕ್ರೀನ್ ಸೈಟಿನಲ್ಲಿ ಹೆಸರು ಕೊಡಬಹುದು. ಅಲ್ಲೇ ಮಾಡಿದರೆ ಐದು ವರ್ಷಕ್ಕೆ, ಫಾರಂ ಸಹಿ ಮಾಡಿ ಅಂಚೆಯಲ್ಲಿ ಕಳಿಸಿದರೆ ಕಾಯಂ.